ಬ್ಲಾಗ್ ಶುರು ಮಾಡುವವರಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಬ್ಲಾಗ್ ಶುರು ಮಾಡಿ ಕೈಬಿಟ್ಟವರು ಹೇಳುವ ಕಥೆ ಹೆಚ್ಚು ಕಡಿಮೆ ಒಂದೇ. ಹೆಸರು ಯೋಚಿಸಲು ಒಂದು ವಾರ. ಥೀಮ್ (ಬ್ಲಾಗಿನ ಸಿದ್ಧ ವಿನ್ಯಾಸ) ಹುಡುಕಲು ಇನ್ನೊಂದು ವಾರ. ಲೋಗೊ, ಬಣ್ಣ, ಮೆನು ಅಂತ ಮತ್ತೊಂದಿಷ್ಟು ದಿನ. ಕೊನೆಗೆ ಬರೆಯಲು ಕೂತಾಗ ಉತ್ಸಾಹವೆಲ್ಲ ಖಾಲಿಯಾಗಿರುತ್ತದೆ. "ನನ್ನ ಬ್ಲಾಗಿಗೆ ಸ್ವಾಗತ" ಅಂತ ಒಂದು ಪೋಸ್ಟ್, ಹತ್ತು ದಿನ ಬಿಟ್ಟು ಇನ್ನೊಂದು, ಅಲ್ಲಿಗೆ ನಿಂತುಹೋಗುತ್ತದೆ.

ಇವರಿಗೆ ಬರೆಯಲು ಬರುವುದಿಲ್ಲ ಅಂತಲ್ಲ. ಕೆಲಸದ ಸರದಿ ತಪ್ಪಿರುತ್ತದೆ. ಬರಹ ಮೊದಲು, ಬ್ಲಾಗ್ ಆಮೇಲೆ. ಕೆಳಗಿನ ಹಂತಗಳನ್ನು ಈ ಲೆಕ್ಕದಲ್ಲೇ ಜೋಡಿಸಿದ್ದೇನೆ. ಮೂರನೇ ಹಂತಕ್ಕೆ ನೇರವಾಗಿ ಜಿಗಿಯುವ ಆಸೆ ಆಗುತ್ತದೆ. ದಯವಿಟ್ಟು ಜಿಗಿಯಬೇಡಿ.

ಕೈಯಲ್ಲಿ ಏನೇನಿರಬೇಕು

ಕಂಪ್ಯೂಟರ್ ಇದ್ದರೆ ಒಳ್ಳೆಯದು, ಮೊಬೈಲ್ ಒಂದೇ ಇದ್ದರೂ ನಡೆಯುತ್ತದೆ. ಬರೆದಿಡಲು ಗೂಗಲ್ ಡಾಕ್ಸ್ ಥರದ್ದು ಏನಾದರೂ ಸಾಕು. ಬ್ಲಾಗಿಗೆ ಅಂತಲೇ ಒಂದು ಹೊಸ ಇಮೇಲ್ ಖಾತೆ ತೆರೆಯಿರಿ. ಅದಕ್ಕೆ ಗಟ್ಟಿ ಪಾಸ್‌ವರ್ಡ್ ಇಟ್ಟು, ಎರಡು ಹಂತದ ಭದ್ರತೆಯನ್ನು (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ ಕೇಳುವುದು) ಇವತ್ತೇ ಆನ್ ಮಾಡಿ. ಬ್ಲಾಗಿನ ಎಲ್ಲ ಬೀಗಗಳ ಕೀಲಿ ಮುಂದೆ ಇದೇ ಇಮೇಲ್‌ನಲ್ಲಿರುತ್ತದೆ.

ಕನ್ನಡದಲ್ಲಿ ಬರೆಯುವವರು, ಎಲ್ಲ ಸಾಧನಗಳಲ್ಲೂ ಅಕ್ಷರ ಸರಿಯಾಗಿ ಕಾಣುವಂತೆ ಮಾಡುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಬ್ಲಾಗಿಗೆ ಅಂಟಿಸಿದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಳೆಯ ಬರಹಗಳಿದ್ದರೆ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿ ಬಂದಿವೆಯಾ ಅಂತ ಒಮ್ಮೆ ಪೂರ್ತಿ ಓದಿ ನೋಡಿ.

1. ವಿಷಯವನ್ನು ಸಣ್ಣದು ಮಾಡಿ

"ತೋಟಗಾರಿಕೆ ಬಗ್ಗೆ ಬರೆಯುತ್ತೇನೆ" ಅಂದರೆ ಅದು ವಿಷಯವಲ್ಲ, ಒಂದು ಇಡೀ ಗ್ರಂಥಾಲಯ. ಬರೆಯಲು ಕೂತಾಗ ಎಲ್ಲಿಂದ ಹಿಡಿಯಬೇಕು ಅಂತಲೇ ತಿಳಿಯುವುದಿಲ್ಲ. ಅದನ್ನೇ "ಬಾಲ್ಕನಿಯಲ್ಲಿ ಕುಂಡಗಳಲ್ಲಿ ತರಕಾರಿ ಬೆಳೆಯುವುದು" ಅಂತ ಇಳಿಸಿ. ಈಗ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಕುಂಡ ಎಷ್ಟು ದೊಡ್ಡದಿರಬೇಕು? ಬಿಸಿಲು ಅರ್ಧ ದಿನ ಮಾತ್ರ ಬಿದ್ದರೆ ಏನು ಬೆಳೆಯಬಹುದು? ಎಲೆ ಹಳದಿಯಾದರೆ ಏನು ಮಾಡಬೇಕು?

ವಿಷಯ ಸರಿಯಿದೆಯಾ ಅಂತ ನೋಡಲು ಒಂದು ಪರೀಕ್ಷೆ ಮಾಡಿ. ಒಂದು ಹಾಳೆ ತೆಗೆದುಕೊಂಡು, ಆ ವಿಷಯದಲ್ಲಿ ಜನ ನಿಜವಾಗಿ ಕೇಳುವ 20 ಪ್ರಶ್ನೆ ಬರೆಯಿರಿ. ಹುಡುಕಾಟಕ್ಕೆ ಹೋಗಬೇಡಿ, ಸುಮ್ನೆ ತಲೆಯಿಂದ ಬರೆಯಿರಿ. ಇಪ್ಪತ್ತಕ್ಕೆ ಹದಿನೈದಾದರೂ ಸಲೀಸಾಗಿ ಬಂದರೆ ವಿಷಯ ನಿಮ್ಮದು. ಎಂಟಕ್ಕೇ ನಿಂತರೆ ವಿಷಯ ಬಹಳ ಕಿರಿದಾಗಿದೆ, ಇಲ್ಲವೇ ಅದರಲ್ಲಿ ನಿಮಗೆ ಅಂಥ ಒಡನಾಟ ಇಲ್ಲ. ಎರಡನ್ನೂ ಈಗಲೇ ತಿಳಿದುಕೊಳ್ಳುವುದು ವಾಸಿ.

ಇಲ್ಲಿ ಆಗುವ ತಪ್ಪು: ಯಾವುದಕ್ಕೆ ಜಾಸ್ತಿ ದುಡ್ಡು ಬರುತ್ತದೆ ಅಂತ ನೋಡಿ ವಿಷಯ ಆರಿಸುವುದು. ನೀವೇ ಮಾಡಿ ನೋಡದ ಕೆಲಸದ ಬಗ್ಗೆ ಬರೆದರೆ ಬೇರೆಯವರು ಬರೆದದ್ದನ್ನೇ ತಿರುಗಿಸಿ ಹೇಳಬೇಕಾಗುತ್ತದೆ. ಮೂರು ಪೋಸ್ಟ್ ಆಗುವ ಹೊತ್ತಿಗೆ ನಿಮಗೂ ಬೇಜಾರು, ಓದುವವರಿಗೂ ಬೇಜಾರು.

2. ಬ್ಲಾಗ್ ತೆರೆಯುವ ಮೊದಲೇ ಐದು ಬರಹ ಮುಗಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನೇ ಇಟ್ಟುಕೊಳ್ಳಿ.

ಆ ಪಟ್ಟಿಯಿಂದ ನಿಮಗೆ ತುಂಬಾ ಚೆನ್ನಾಗಿ ಗೊತ್ತಿರುವ ಐದು ಪ್ರಶ್ನೆ ಆರಿಸಿ. ಒಂದೊಂದಕ್ಕೂ ಒಂದು ಬರಹ. ಉದ್ದದ ಲೆಕ್ಕ ಇಡಬೇಡಿ, ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂತ ಮಾತ್ರ ನೋಡಿ. ಬ್ಲಾಗೇ ಇಲ್ಲದಿರುವಾಗ ಯಾರೂ ನೋಡುತ್ತಿಲ್ಲ, ಹಾಗಾಗಿ ಸಂಕೋಚವೂ ಇರುವುದಿಲ್ಲ. ಒಂದು ಬರಹಕ್ಕೆ ನಿಮಗೆ ನಿಜಕ್ಕೂ ಎಷ್ಟು ಸಮಯ ಹಿಡಿಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ವಾರಕ್ಕೊಂದು ಪೋಸ್ಟ್ ಆಗುತ್ತದಾ, ತಿಂಗಳಿಗೆರಡಾ ಅನ್ನುವುದನ್ನು ಆಸೆಯಿಂದಲ್ಲ, ಈ ಅನುಭವದಿಂದ ತೀರ್ಮಾನಿಸಿ.

ಆರಂಭದ ಸಾಲುಗಳಲ್ಲೇ ಹೆಚ್ಚಿನವರು ಓದುಗರನ್ನು ಕಳೆದುಕೊಳ್ಳುತ್ತಾರೆ. ಟೊಮೆಟೊ ಗಿಡದ ಎಲೆ ಹಳದಿಯಾಗುವ ಬಗ್ಗೆ ಒಂದು ಬರಹ ಅಂದುಕೊಳ್ಳಿ. ಹೊಸಬರು ಹೀಗೆ ಶುರು ಮಾಡುತ್ತಾರೆ:

"ಗಿಡಗಳು ಪ್ರಕೃತಿ ನಮಗೆ ಕೊಟ್ಟ ವರ. ಇಂದಿನ ಗಡಿಬಿಡಿಯ ಬದುಕಿನಲ್ಲಿ ಹಸಿರು ನೋಡಿದರೆ ಮನಸ್ಸಿಗೆ ನೆಮ್ಮದಿ. ಅದರಲ್ಲೂ ಟೊಮೆಟೊ ಎಲ್ಲರಿಗೂ ಪ್ರಿಯವಾದದ್ದು."

ಎಲೆ ಹಳದಿಯಾಗಿದೆ ಅಂತ ಗಾಬರಿಯಲ್ಲಿ ಹುಡುಕಿಕೊಂಡು ಬಂದವರಿಗೆ ಇದರಿಂದ ಏನು ಸಿಕ್ಕಿತು? ಅದೇ ಬರಹ ಹೀಗೆ ಶುರುವಾಗಲಿ:

"ಕುಂಡದ ಟೊಮೆಟೊ ಗಿಡದಲ್ಲಿ ಕೆಳಗಿನ ಎಲೆಗಳು ಹಳದಿಯಾಗುತ್ತಿವೆಯಾ? ಗೊಬ್ಬರ ಹಾಕುವ ಮೊದಲು ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ. ಎರಡು ಇಂಚು ಕೆಳಗೂ ಮಣ್ಣು ಪಿಚಪಿಚ ಅಂತಿದ್ದರೆ ನೀರು ಜಾಸ್ತಿಯಾಗಿರಬಹುದು. ಕುಂಡ ಎತ್ತಿ, ತಳದ ತೂತು ಕಟ್ಟಿಕೊಂಡಿದೆಯಾ ನೋಡಿ."

ಎರಡನೆಯದರಲ್ಲಿ ಓದುವವರು ಕೂಡಲೇ ಎದ್ದು ಹೋಗಿ ಕುಂಡ ನೋಡುತ್ತಾರೆ. ವಾಪಸ್ ಬಂದು ಮುಂದಿನದನ್ನು ಓದುತ್ತಾರೆ. ನಿಮ್ಮ ಐದೂ ಬರಹಗಳ ಮೊದಲ ಪ್ಯಾರಾ ಮುಚ್ಚಿಟ್ಟು, ಎರಡನೇ ಪ್ಯಾರಾದಿಂದ ಓದಿ ನೋಡಿ. ಏನೂ ಕಳೆದುಕೊಂಡಂತೆ ಅನ್ನಿಸದಿದ್ದರೆ ಮೊದಲನೆಯದನ್ನು ತೆಗೆದೇ ಬಿಡಿ.

ಎಚ್ಚರಿಕೆಯ ಗುರುತು: ಮೂರು ವಾರವಾದರೂ ಎರಡನೇ ಬರಹ ಮುಗಿದಿಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗಬೇಡಿ. ಮೊದಲನೇ ಹಂತಕ್ಕೆ ಮರಳಿ, ವಿಷಯ ಬದಲಿಸಿ.

3. ವೇದಿಕೆ ಆರಿಸಿ, ಅದರಲ್ಲೇ ನಿಲ್ಲಿ

ವೇದಿಕೆ ಅಂದರೆ ಬ್ಲಾಗ್ ನಡೆಸಲು ಬೇಕಾದ ಸೇವೆ ಅಥವಾ ತಂತ್ರಾಂಶ. ಹೊಸಬರಿಗೆ ಮೂರು ದಾರಿ ಇವೆ.

ಬ್ಲಾಗರ್ ಗೂಗಲ್‌ನದು. ಪೂರ್ತಿ ಉಚಿತ, ಹೋಸ್ಟಿಂಗ್ (ಬ್ಲಾಗನ್ನು ಇಂಟರ್ನೆಟ್ಟಿನಲ್ಲಿ ಇಡುವ ಜಾಗ) ಚಿಂತೆ ಇಲ್ಲ. ಬೇಕೆಂದಾಗ ಸ್ವಂತ ಡೊಮೈನ್ (ನಿಮ್ಮದೇ ವೆಬ್ ವಿಳಾಸ) ಜೋಡಿಸಬಹುದು. ವಿನ್ಯಾಸದಲ್ಲಿ ಆಯ್ಕೆ ಕಡಿಮೆ. ಬರೆಯುವುದು ನಿಮಗೆ ಒಗ್ಗುತ್ತದಾ ಅಂತ ನೋಡಲು ಇದು ಧಾರಾಳ ಸಾಕು.

ವರ್ಡ್‌ಪ್ರೆಸ್ ಡಾಟ್ ಕಾಮ್ ಕೂಡ ಉಚಿತವಾಗಿ ಸಿಗುತ್ತದೆ. ಆದರೆ ಉಚಿತ ಖಾತೆಯಲ್ಲಿ ಅವರು ಹಾಕುವ ಜಾಹೀರಾತು ಕಾಣಿಸಿಕೊಳ್ಳುತ್ತದೆ, ಸ್ವಂತ ಡೊಮೈನ್ ಜೋಡಿಸಲು ದುಡ್ಡು ಕೊಡಬೇಕು.

ಮೂರನೆಯದು ವರ್ಡ್‌ಪ್ರೆಸ್ ಡಾಟ್ ಆರ್ಗ್. ಇದು ಖಾತೆ ತೆರೆಯುವ ಜಾಗವಲ್ಲ, ತಂತ್ರಾಂಶ ಸಿಗುವ ಜಾಗ. ತಂತ್ರಾಂಶ ಉಚಿತ, ಆದರೆ ಅದನ್ನು ಇಡಲು ಹೋಸ್ಟಿಂಗ್ ನೀವೇ ಕೊಳ್ಳಬೇಕು. ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲ ನಿಮ್ಮ ತಲೆಗೇ. ಸ್ವಾತಂತ್ರ್ಯವೂ ಇಲ್ಲೇ ಎಲ್ಲಕ್ಕಿಂತ ಜಾಸ್ತಿ.

ಡಾಟ್ ಕಾಮ್ ಮತ್ತು ಡಾಟ್ ಆರ್ಗ್ ಒಂದೇ ಅಂದುಕೊಂಡು ಗೊಂದಲ ಆಗುವವರು ತುಂಬಾ ಜನ. ಒಂದರ ಬಗ್ಗೆ ಪಾಠ ಓದಿ ಇನ್ನೊಂದರಲ್ಲಿ ಆ ಬಟನ್ ಹುಡುಕುತ್ತಾ ಕೂರುತ್ತಾರೆ. ಯಾವ ಪಾಠ ಓದಿದರೂ ಅದು ಯಾವುದರ ಬಗ್ಗೆ ಅಂತ ಮೊದಲು ನೋಡಿಕೊಳ್ಳಿ.

ನನ್ನ ಸಲಹೆ ಕೇಳಿದರೆ, ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಬ್ಲಾಗರ್, ಕೆಲವು ವರ್ಷ ನಡೆಸುವ ಗಟ್ಟಿ ಮನಸ್ಸಿದ್ದರೆ ಸ್ವಂತ ಹೋಸ್ಟಿಂಗ್‌ನ ವರ್ಡ್‌ಪ್ರೆಸ್. ಯಾವುದನ್ನೇ ಹಿಡಿಯಿರಿ, ಒಂದು ವರ್ಷ ಬದಲಿಸಬೇಡಿ. ಬರಹಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು. ಆದರೆ ಲಿಂಕ್‌ಗಳು ಮುರಿಯುತ್ತವೆ, ಚಿತ್ರಗಳು ತಪ್ಪಿಹೋಗುತ್ತವೆ, ಬರೆಯುವ ಸಮಯವೆಲ್ಲ ರಿಪೇರಿಗೆ ಹೋಗುತ್ತದೆ.

4. ಹೆಸರು ಮತ್ತು ಡೊಮೈನ್

ಹೆಸರನ್ನು ಫೋನ್‌ನಲ್ಲಿ ಒಬ್ಬರಿಗೆ ಹೇಳಿ, ಅವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಿ. ಒಂದೇ ಸಲಕ್ಕೆ ಸರಿಯಾಗಿ ಬರೆದರೆ ಹೆಸರು ಪಾಸ್. ಅಂಕಿ, ಅಡ್ಡಗೆರೆ, ಎರಡೆರಡು ಸಲ ಬರುವ ಅಕ್ಷರ ಬೇಡ. ಕನ್ನಡ ಹೆಸರಾದರೆ ಇನ್ನೂ ಜಾಗ್ರತೆ: ದೀರ್ಘಕ್ಕೆ ಒಬ್ಬರು ಒಂದು "ಎ" ಹಾಕುತ್ತಾರೆ, ಇನ್ನೊಬ್ಬರು ಎರಡು ಹಾಕುತ್ತಾರೆ.

ಡೊಮೈನ್ ಕೊಳ್ಳುವುದಾದರೆ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನೀವೇ ಕೊಳ್ಳಿ. ನನ್ನ ಪರಿಚಯದವರೊಬ್ಬರು ಬ್ಲಾಗ್ ಕಟ್ಟಿಕೊಟ್ಟವರ ಇಮೇಲ್‌ನಲ್ಲೇ ಡೊಮೈನ್ ನೋಂದಣಿ ಮಾಡಿಸಿದ್ದರು. ಎರಡು ವರ್ಷ ಬಿಟ್ಟು ಆ ಮನುಷ್ಯನ ಸಂಪರ್ಕ ತಪ್ಪಿತು. ನವೀಕರಣದ ನೋಟಿಸ್‌ಗಳೆಲ್ಲ ಆ ಇಮೇಲ್‌ಗೇ ಹೋದವು, ಹೆಸರು ಕೈತಪ್ಪಿತು. ಬರಹಗಳು ಉಳಿದವು, ಅವುಗಳ ವಿಳಾಸ ಹೋಯಿತು.

ಕೊಳ್ಳುವಾಗ ಮೂರು ಸಂಗತಿ ನೋಡಿ. ಮೊದಲ ವರ್ಷದ ಬೆಲೆ ಅಲ್ಲ, ನವೀಕರಣದ ಬೆಲೆ ಎಷ್ಟು ಅಂತ ನೋಡಿ. ಮೊದಲ ವರ್ಷಕ್ಕೆ ಅಗ್ಗವಾಗಿ ಕೊಟ್ಟು ಆಮೇಲೆ ಏರಿಸುವುದು ಮಾಮೂಲು. ನಿಮ್ಮ ವಿಳಾಸ, ಫೋನ್ ನಂಬರ್ ಬಹಿರಂಗವಾಗದಂತೆ ಖಾಸಗಿತನದ ಆಯ್ಕೆ ಇದೆಯಾ ನೋಡಿ. ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಆನ್ ಮಾಡಿ.

5. ಸೆಟ್ಟಿಂಗ್ಸ್‌ಗೆ ಅರ್ಧ ಗಂಟೆ

ಇದು ಬೋರು ಹೊಡೆಸುವ ಕೆಲಸ, ಆದರೆ ಬಿಡುವ ಹಾಗಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ರೀಡಿಂಗ್ ಪುಟಕ್ಕೆ ಹೋಗಿ. ಅಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಟಿಕ್ ಬಾಕ್ಸ್ ಇದೆ. ಅದು ಖಾಲಿ ಇರಬೇಕು. ನನ್ನ ಮೊದಲ ಬ್ಲಾಗ್ ಕಟ್ಟುವಾಗ, ಅರ್ಧಂಬರ್ಧ ಪುಟಗಳು ಯಾರಿಗೂ ಕಾಣದಿರಲಿ ಅಂತ ನಾನೇ ಅದಕ್ಕೆ ಟಿಕ್ ಹಾಕಿದ್ದೆ. ತೆಗೆಯಲು ಮರೆತೆ. ಮೂರು ತಿಂಗಳು ಬರೆದೆ, ಹುಡುಕಾಟದಿಂದ ಒಬ್ಬರೂ ಬರಲಿಲ್ಲ. ಬರಹವೇ ಸರಿಯಿಲ್ಲವೇನೋ ಅಂತ ಕೊರಗಿದ್ದೇ ಕೊರಗಿದ್ದು. ಬ್ಲಾಗರ್‌ನಲ್ಲೂ ಇಂಥದ್ದೊಂದು ಸ್ವಿಚ್ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿದೆ. ಅದು ಆನ್ ಇರಬೇಕು.

ಉಳಿದವು ಚಿಕ್ಕವು:

- ವರ್ಡ್‌ಪ್ರೆಸ್‌ನಲ್ಲಿ ಪರ್ಮಾಲಿಂಕ್ (ಪ್ರತಿ ಪೋಸ್ಟಿನ ವಿಳಾಸದ ಮಾದರಿ) ಅನ್ನು "ಪೋಸ್ಟ್ ನೇಮ್"ಗೆ ಬದಲಿಸಿ. ಮೊದಲ ಪೋಸ್ಟ್ ಹಾಕುವ ಮೊದಲೇ ಇದು ಆಗಬೇಕು.
- ಜೊತೆಗೇ ಬರುವ "ಹಲೋ ವರ್ಲ್ಡ್" ಪೋಸ್ಟ್ ಮತ್ತು ಸ್ಯಾಂಪಲ್ ಪುಟ ಅಳಿಸಿ.
- ಬಳಕೆದಾರರ ಹೆಸರು "ಅಡ್ಮಿನ್" ಅಂತ ಇಡಬೇಡಿ. ಒಳನುಗ್ಗಲು ನೋಡುವವರು ಮೊದಲು ಪ್ರಯತ್ನಿಸುವುದೇ ಅದನ್ನು.
- ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಬರುತ್ತಿದೆಯಾ ನೋಡಿ, ಓದುಗರಿಗೂ ಬ್ಲಾಗಿಗೂ ನಡುವಿನ ಸಂಪರ್ಕ ಸುರಕ್ಷಿತ ಅನ್ನುವ ಗುರುತು ಅದು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ, ಎಷ್ಟೋ ಹೋಸ್ಟಿಂಗ್‌ಗಳಲ್ಲಿ ಒಂದೇ ಕ್ಲಿಕ್‌ನಲ್ಲಿ ಸಿಗುತ್ತದೆ. ಅದಕ್ಕಾಗಿ ಬೇರೆ ದುಡ್ಡು ಕೊಡುವ ಮೊದಲು ವಿಚಾರಿಸಿ.
- ಕಾಮೆಂಟ್‌ಗಳು ನಿಮ್ಮ ಒಪ್ಪಿಗೆಯ ನಂತರವೇ ಕಾಣುವಂತೆ ಇಡಿ.

6. ಥೀಮ್: ಒಂದು ಸಂಜೆ, ಅದಕ್ಕಿಂತ ಜಾಸ್ತಿ ಬೇಡ

ವೇದಿಕೆ ಜೊತೆಗೇ ಬರುವ ಸರಳ ಥೀಮ್ ಒಂದನ್ನು ಹಿಡಿಯಿರಿ. ಮೊಬೈಲ್‌ನಲ್ಲಿ ತೆರೆದು, ಕೈ ಚಾಚಿ ಹಿಡಿದು ಓದಿ. ಅಕ್ಷರ ಕಣ್ಣಿಗೆ ಹಿತವಾಗಿದ್ದರೆ, ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಿದ್ದರೆ ಸಾಕು. ತಾಗುತ್ತಿದ್ದರೆ ಸಾಲಿನ ಅಂತರ ಹೆಚ್ಚಿಸಿ. ಇಂಗ್ಲಿಷಿಗೆ ಸರಿಹೋಗುವ ಅಂತರ ಕನ್ನಡಕ್ಕೆ ಇಕ್ಕಟ್ಟು.

ದುಡ್ಡಿನ ಥೀಮ್‌ಗಳನ್ನು "ಉಚಿತ" ಅಂತ ಹಂಚುವ ತಾಣಗಳಿಂದ ಇಳಿಸಿಕೊಳ್ಳಬೇಡಿ. ಅವುಗಳೊಳಗೆ ಕಾಣದಂತೆ ಕೆಟ್ಟ ಕೋಡ್ ತುಂಬಿರುವುದುಂಟು.

ಮೂರು ಪುಟ ಮಾಡಿ: ನಿಮ್ಮ ಪರಿಚಯ, ಸಂಪರ್ಕ, ಖಾಸಗಿತನ ನೀತಿ. ಪರಿಚಯದಲ್ಲಿ ಈ ವಿಷಯದ ಜೊತೆ ನಿಮಗೇನು ಒಡನಾಟ ಅಂತ ನಾಲ್ಕು ಸಾಲು ಬರೆಯಿರಿ. ಮನೆ ವಿಳಾಸ, ಸ್ವಂತ ಫೋನ್ ನಂಬರ್ ಎಲ್ಲೂ ಬೇಡ.

7. ಬರಹವನ್ನು ಪೋಸ್ಟ್ ಆಗಿ ಮಾಡುವುದು

ಈಗ ಆ ಐದು ಬರಹಗಳಲ್ಲಿ ಮೂರನ್ನು ತನ್ನಿ. ಉಳಿದೆರಡು ಜೋಪಾನವಾಗಿರಲಿ. ಜ್ವರ ಬಂದ ವಾರ, ಕೆಲಸ ಜಾಸ್ತಿಯಾದ ವಾರ ಅವು ನಿಮ್ಮನ್ನು ಕಾಯುತ್ತವೆ.

ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಹೀಗೆ ಮಾಡಿದರೆ ಅಕ್ಷರ ಮಾತ್ರ ಬರುತ್ತದೆ. ಸುಮ್ನೆ ಅಂಟಿಸಿದರೆ ಡಾಕ್ಯುಮೆಂಟ್‌ನ ಫಾಂಟ್, ಬಣ್ಣ, ಗಾತ್ರ ಎಲ್ಲ ಜೊತೆಗೆ ಬಂದು, ಒಂದೇ ಪೋಸ್ಟಿನಲ್ಲಿ ಮೂರು ಥರದ ಅಕ್ಷರ ಕಾಣುತ್ತದೆ.

ಶೀರ್ಷಿಕೆಯಲ್ಲಿ ಒಳಗೇನಿದೆ ಅಂತ ಹೇಳಿ. "ಹಸಿರು ಕನಸು" ಅಂದರೆ ಯಾರೂ ಹುಡುಕುವುದಿಲ್ಲ. "ಕುಂಡದ ಟೊಮೆಟೊ ಗಿಡದ ಎಲೆ ಹಳದಿಯಾಗುವುದೇಕೆ?" ಅಂತ ಹುಡುಕುತ್ತಾರೆ. ತುಂಬಾ ಉದ್ದವಾದರೆ ಹುಡುಕಾಟದ ಫಲಿತಾಂಶದಲ್ಲಿ ಕೊನೆ ಕತ್ತರಿಸಿಹೋಗುತ್ತದೆ, ಆದ್ದರಿಂದ ಮುಖ್ಯ ಪದಗಳು ಮುಂದೆ ಇರಲಿ.

ಲಿಂಕನ್ನು ಪಬ್ಲಿಶ್ ಒತ್ತುವ ಮೊದಲೇ ಸರಿಮಾಡಿ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಲಿಂಕಿಗೆ "ಬ್ಲಾಗ್ ಪೋಸ್ಟ್" ಅನ್ನುವ ಖಾಲಿ ಹೆಸರು ಕೊಟ್ಟುಬಿಡುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಲಿಂಕ್ ಬರುತ್ತದೆ, ಆದರೆ ನಕಲು ಮಾಡಿ ಬೇರೆ ಕಡೆ ಹಾಕಿದಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಆಗಿಬಿಡುತ್ತದೆ. ಎರಡರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದದ ಚಿಕ್ಕ ಲಿಂಕ್ ನೀವೇ ಬರೆಯಿರಿ. ಪಬ್ಲಿಶ್ ಆದ ಮೇಲೆ ಬದಲಿಸಿದರೆ, ಅಷ್ಟರಲ್ಲಿ ಹಂಚಿಕೊಂಡವರ ಲಿಂಕ್ ಮುರಿಯಬಹುದು.

ಉಪಶೀರ್ಷಿಕೆಗಳನ್ನು ದಪ್ಪ ಅಕ್ಷರದಿಂದ ಮಾಡಬೇಡಿ. ಎಡಿಟರ್‌ನಲ್ಲಿ ಹೆಡಿಂಗ್ ಆಯ್ಕೆ ಇದೆ, ಅದನ್ನೇ ಬಳಸಿ. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಒಂದು ಹೆಡಿಂಗ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಓದುತ್ತಾರೆ. ಬರೀ ದಪ್ಪ ಅಕ್ಷರ ಅವರಿಗೆ ಹೆಡಿಂಗ್ ಆಗಿ ಸಿಗುವುದಿಲ್ಲ.

ಚಿತ್ರಗಳ ವಿಷಯದಲ್ಲಿ ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಗೂಗಲ್‌ನಲ್ಲಿ ಸಿಕ್ಕ ಚಿತ್ರವನ್ನು ತೆಗೆದು ಹಾಕುವುದು ಮೊದಲನೆಯದು. ಹುಡುಕಿದಾಗ ಕಂಡಿತು ಅಂದ ಮಾತ್ರಕ್ಕೆ ಬಳಸುವ ಹಕ್ಕು ಬರುವುದಿಲ್ಲ, "ಕೃಪೆ: ಗೂಗಲ್" ಅಂತ ಬರೆದರೂ ಬರುವುದಿಲ್ಲ. ನಿಮ್ಮದೇ ಫೋಟೊ ಎಲ್ಲಕ್ಕಿಂತ ಒಳ್ಳೆಯದು, ಮಬ್ಬಾಗಿದ್ದರೂ ಪರವಾಗಿಲ್ಲ. ಇಲ್ಲದಿದ್ದರೆ ವಿಕಿಮೀಡಿಯ ಕಾಮನ್ಸ್, ಅನ್‌ಸ್ಪ್ಲಾಶ್‌ನಂಥ ಕಡೆ ಹುಡುಕಿ, ಪ್ರತಿ ಚಿತ್ರದ ಪರವಾನಗಿ ಓದಿ. ಕೆಲವಕ್ಕೆ ತೆಗೆದವರ ಹೆಸರು ಹಾಕುವುದು ಕಡ್ಡಾಯ.

ಎರಡನೆಯದು, ಮೊಬೈಲ್‌ನ ಫೋಟೊವನ್ನು ಹಾಗೆಯೇ ಏರಿಸುವುದು. ಒಂದೊಂದು ನಾಲ್ಕೈದು ಎಂಬಿ ಇರುತ್ತದೆ, ಪುಟ ತೆರೆಯುವಷ್ಟರಲ್ಲಿ ಓದುಗರು ಹೊರಟುಹೋಗಿರುತ್ತಾರೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಸ್ಕ್ವೂಶ್‌ನಂಥ ಉಚಿತ ಸಾಧನದಲ್ಲಿ ಕುಗ್ಗಿಸಿ, 200 ಕೆಬಿ ಒಳಗೆ ತನ್ನಿ. ಫೋಟೊ ಒಳಗೆ ತೆಗೆದ ಸ್ಥಳದ ಮಾಹಿತಿಯೂ ಅಡಗಿರಬಹುದು. ಮನೆಯಲ್ಲಿ ತೆಗೆದ ಫೋಟೊ ಆದರೆ ಆ ಮಾಹಿತಿಯನ್ನು ಅಳಿಸಿದ ಮೇಲೆಯೇ ಹಾಕಿ. ಚಿತ್ರ ಕಾಣದವರಿಗಾಗಿ ಇರುವ ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿರಿ.

ಪಬ್ಲಿಶ್ ಒತ್ತುವ ಮೊದಲು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪ್ರಿವ್ಯೂ ತೆರೆದು ಗಟ್ಟಿಯಾಗಿ ಓದಿ. ಉಸಿರು ಕಟ್ಟುವ ಸಾಲನ್ನು ಎರಡು ಮಾಡಿ.

8. ಗೂಗಲ್‌ಗೆ ತಿಳಿಸಿ

ನಿಮ್ಮ ಬ್ಲಾಗ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಸಾಧನ ಗೂಗಲ್ ಸರ್ಚ್ ಕನ್ಸೋಲ್, ಅದು ಉಚಿತ. ಬ್ಲಾಗ್ ನಿಮ್ಮದೇ ಅಂತ ದೃಢಪಡಿಸಿ, ಬ್ಲಾಗಿನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿ. ಬ್ಲಾಗರ್‌ನಲ್ಲೂ, 2020ರಿಂದೀಚಿನ ವರ್ಡ್‌ಪ್ರೆಸ್‌ನಲ್ಲೂ ಸೈಟ್‌ಮ್ಯಾಪ್ ತಾನಾಗಿ ತಯಾರಾಗುತ್ತದೆ. ಇದಕ್ಕೆ ಬೇರೆ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಬೇಕಿಲ್ಲ.

ಪುಟಗಳು ಹುಡುಕಾಟದಲ್ಲಿ ಕಾಣಲು ಕೆಲವು ದಿನವೂ ಆಗಬಹುದು, ಕೆಲವು ವಾರವೂ ಆಗಬಹುದು. ಇಂಡೆಕ್ಸ್ ಮಾಡಿ (ಹುಡುಕಾಟದ ಪಟ್ಟಿಗೆ ಸೇರಿಸಿ) ಅನ್ನುವ ಬಟನ್ ಅನ್ನು ದಿನಾ ಒತ್ತಿದರೆ ಬೇಗ ಆಗುವುದಿಲ್ಲ. ತಿಂಗಳಾದರೂ ಒಂದು ಪುಟವೂ ಬರದಿದ್ದರೆ ಐದನೇ ಹಂತದ ಆ ಟಿಕ್ ಬಾಕ್ಸ್‌ಗೆ ವಾಪಸ್ ಹೋಗಿ.

9. ಮೊದಲ ಓದುಗರು

ಲಿಂಕನ್ನು ಎಲ್ಲ ಗುಂಪುಗಳಿಗೂ ಎಸೆಯಬೇಡಿ. ಅದೇ ಪ್ರಶ್ನೆ ಕೇಳುತ್ತಿರುವ ಒಬ್ಬರನ್ನು ಹುಡುಕಿ, ಉತ್ತರವನ್ನು ಅಲ್ಲೇ ಎರಡು ಸಾಲಲ್ಲಿ ಹೇಳಿ, ವಿವರಕ್ಕೆ ಲಿಂಕ್ ಕೊಡಿ. ಆಮೇಲೆ ಅವರನ್ನೇ ಕೇಳಿ: ಎಲ್ಲಿ ಅರ್ಥವಾಗಲಿಲ್ಲ? ಅವರು ಹೇಳಿದ ಜಾಗವನ್ನು ಅವತ್ತೇ ತಿದ್ದಿ.

10. ಬ್ಯಾಕಪ್ ಮತ್ತು ದುಡ್ಡಿನ ಮಾತು

ತಿಂಗಳಿಗೊಮ್ಮೆ ಪೂರ್ತಿ ಬ್ಯಾಕಪ್ ಇಳಿಸಿಕೊಳ್ಳಿ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲೇ ಇದಕ್ಕೆ ಆಯ್ಕೆ ಇದೆ. ಸ್ವಂತ ವರ್ಡ್‌ಪ್ರೆಸ್‌ಗೆ ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ ಹಾಕಿ, ಬ್ಯಾಕಪ್ ಅದೇ ಹೋಸ್ಟಿಂಗ್‌ನಲ್ಲಿ ಉಳಿಯದೆ ಬೇರೆ ಕಡೆ ಹೋಗುವಂತೆ ಮಾಡಿ. ಹೋಸ್ಟಿಂಗ್ ಕೈಕೊಟ್ಟ ದಿನ, ಅದರೊಳಗೇ ಇದ್ದ ಬ್ಯಾಕಪ್ ಕೂಡ ಜೊತೆಗೇ ಹೋಗುತ್ತದೆ.

ಜಾಹೀರಾತನ್ನು ಮೊದಲ ಮೂರು ತಿಂಗಳು ಮರೆತುಬಿಡಿ. ನಾಲ್ಕು ಪೋಸ್ಟ್ ಇಟ್ಟುಕೊಂಡು, ಬ್ಲಾಗಿಗೆ ಜಾಹೀರಾತು ಒದಗಿಸುವ ಗೂಗಲ್ ಸೇವೆಯಾದ ಆಡ್‌ಸೆನ್ಸ್‌ಗೆ ಅರ್ಜಿ ಹಾಕಿ, ತಿರಸ್ಕಾರ ಬಂದಾಗ ಬ್ಲಾಗನ್ನೇ ಬಿಟ್ಟವರಿದ್ದಾರೆ. ಅರ್ಜಿ ಹಾಕಲು 18 ವರ್ಷ ತುಂಬಿರಬೇಕು. ಒಪ್ಪಿಗೆ ಸಿಕ್ಕ ಮೇಲೆ ನಿಮ್ಮ ಜಾಹೀರಾತನ್ನು ನೀವೇ ಒತ್ತುವುದು, ಗೆಳೆಯರಿಗೆ ಒತ್ತಲು ಹೇಳುವುದು ಎರಡೂ ನಿಷಿದ್ಧ. ಖಾತೆಯೇ ಮುಚ್ಚಿಹೋಗಬಹುದು. ಯಾರಾದರೂ ದುಡ್ಡು ಕೊಟ್ಟು ಬರೆಸಿದ ಪೋಸ್ಟ್ ಆದರೆ ಆರಂಭದಲ್ಲೇ ಹಾಗಂತ ಹೇಳಿ.

11. ಮೂರು ತಿಂಗಳಾದ ಮೇಲೆ

ಅಲ್ಲಿಯವರೆಗೆ ದಿನಾ ಎಷ್ಟು ಜನ ಬಂದರು ಅಂತ ನೋಡುತ್ತಾ ಕೂರಬೇಡಿ. ಶುರುವಿನ ಅಂಕಿಗಳು ಎಷ್ಟು ಚಿಕ್ಕವೆಂದರೆ ಅವುಗಳಿಂದ ಕಲಿಯಲು ಏನೂ ಇರುವುದಿಲ್ಲ, ಬೇಸರ ಮಾತ್ರ ಆಗುತ್ತದೆ.

ಮೂರು ತಿಂಗಳು ಮುಗಿದ ದಿನ ಸರ್ಚ್ ಕನ್ಸೋಲ್ ತೆರೆದು, ಜನ ಏನಂತ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು ಅನ್ನುವ ಪಟ್ಟಿ ನೋಡಿ. ಅಲ್ಲಿ ನೀವು ನಿರೀಕ್ಷಿಸದ ಪ್ರಶ್ನೆಗಳಿರುತ್ತವೆ. ಹಳದಿ ಎಲೆಯ ಬರಹದಲ್ಲಿ ಹೂ ಉದುರುವ ಬಗ್ಗೆ ಒಂದೇ ಒಂದು ಸಾಲು ಬರೆದಿರುತ್ತೀರಿ. ಆದರೆ "ಟೊಮೆಟೊ ಹೂ ಉದುರುವುದೇಕೆ" ಅಂತ ಹುಡುಕಿದವರಿಗೂ ಆ ಪುಟವೇ ಕಂಡಿರುತ್ತದೆ. ಅವರು ಬಂದು, ಒಂದು ಸಾಲು ಓದಿ, ಬರಿಗೈಯಲ್ಲಿ ಹೋಗಿರುತ್ತಾರೆ. ಆ ಒಂದು ಸಾಲನ್ನು ಪೂರ್ತಿ ಬರಹವಾಗಿ ಬರೆಯಿರಿ. ಹಳೆಯ ಪೋಸ್ಟಿನ ಅದೇ ಸಾಲಿಗೆ ಹೊಸದರ ಲಿಂಕ್ ಕೊಡಿ.